ಪಕ್ಕದ ಮಡಕೆ ನೋಡಿದ ಮಡಕೆ

ಹಕ್ಕಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ತಾವರೆಗುಂದ ಎಂಬ ರಾಜ್ಯದಲ್ಲಿ ಮಾಚ, ಎರೆಯ ಎಂಬ ಇಬ್ಬರು ಬೇಟೆಗಾರರಿದ್ದರು. ಚಳಿಗಾಲದಲ್ಲಿ ಕೆರೆಗೆ ಬರುವ ಹೆಬ್ಬಾತುಗಳನ್ನು ಅವರು ಮಡಕೆಯಿಂದ ಹಿಡಿಯುತ್ತಿದ್ದರು. ಮೊದಲು ಖಾಲಿ ಮಡಕೆಗಳನ್ನು ನೀರಲ್ಲಿ ತೇಲಿಬಿಡಬೇಕು. ಬಾತುಗಳಿಗೆ ಅವು ರೂಢಿಯಾದ ಮೇಲೆ ಕಣ್ಣಿಗೆಂದು ಎರಡು ತೂತು ಕೊರೆದ ಮಡಕೆಯನ್ನು ತಲೆಗೆ ಬೋರಲು ಹಾಕಿಕೊಂಡು, ಕುತ್ತಿಗೆಮಟ್ಟ ನೀರಿನಲ್ಲಿ ಸಾಗಿ, ಅಡಿಯಿಂದ ಕಾಲು ಹಿಡಿಯಬೇಕು. ಇದರಲ್ಲಿ ಎರೆಯನದೇ ಮೇಲುಗೈ. ಅವನ ಹೆಸರು ಕೇಳಿದರೆ ಸಾಕು, ಮಾಚನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಮಾಚನ ಮಗಳು ಜಕ್ಕವ್ವ ಸೊಗಸಾಗಿ ಹಾಡುತ್ತಿದ್ದಳು. ಗುಡ್ಡದ ಮೇಲೆ ಕೊಳಲೂದುವ ಮಾಂತ್ರಿಕ ಕರಿಗಣ್ಣನಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ದಿನ ಅವಳ ಮೇಲೆ ಬೂದಿ ಊದಿದ, ಹುಡುಗಿ ಹೆಬ್ಬಾತಾದಳು. ಕೊರಳಿನ ಕೆಂಪು ಮಣಿಸರ ಉಳಿಯಿತು, ಅಪ್ಪನ ನೆನಪು ಉಳಿಯಲಿಲ್ಲ.

“ಹಿಂಡು ಬಡಗಣ ಬೆಟ್ಟ ದಾಟೋದರೊಳಗೆ ಯಾರಾದರೂ ಅವಳ ಎರಡೂ ಕಾಲು ಹಿಡೀಲಿ ನೋಡೋಣ. ಹಿಡಿದರೆ ನನ್ನ ಮಂತ್ರ ನನಗೇ ತಿರುಗುತ್ತೆ,” ಎಂದು ಕರಿಗಣ್ಣ ಮಾಚನೆದುರು ನಕ್ಕ.

ಚಳಿ ಕಳೆದು ಬೇಸಿಗೆಯ ಬಿಸಿಲು ಏರಿತ್ತು. ಹಿಂಡು ಹೊರಡಲು ಮೂರೇ ದಿನ ಉಳಿದಿತ್ತು. ಚಳಿಗಾಲವಿಡೀ ಮೋಸ ಕಂಡ ಬಾತುಗಳು ಜೊಂಡು ಅಲುಗಿದರೂ ಕತ್ತೆತ್ತುತ್ತಿದ್ದವು. ಎರೆಯ ಕರೆಯದೆಯೇ ಬಂದ.

“ನಿನ್ನ ಮಗಳು ನನಗೆ ಬೇರೆಯವಳೇನೋ? ನಡಿ.”

ಮೊದಲ ದಿನ ಮಾಚ ನೀರಿಗಿಳಿದವನು ಎರೆಯನ ಮಡಕೆಯನ್ನೇ ನೋಡುತ್ತಿದ್ದ. ಹಿಂಡು ಬೆದರಿ ಮೇಲೆದ್ದಿತು. ಎರಡನೆಯ ದಿನ ಮಣಿಸರದ ಬಾತು ಎರೆಯನಿಗೆ ಮಾರುದೂರದಲ್ಲಿತ್ತು. ಮಗಳು ಸಿಗಲಿ ಎಂದು ಬೇಡಬೇಕಾದ ಅಪ್ಪ, ಅವನ ಕೈಗೆ ಮಾತ್ರ ಸಿಗದಿರಲಿ ಎಂದು ಬೇಡಿಕೊಂಡ. ಥೂ, ಇವನೂ ಒಬ್ಬ ಅಪ್ಪನೇ? ಹಿಂಡು ಮತ್ತೆ ಎದ್ದಿತು.

ಮುದಿ ಬಾತೊಂದು ಮೇಲಿನಿಂದ ಕೂಗಿ ಹೇಳಿತು: “ಗಾಳಿ ಬೀಸಿದತ್ತ ಹೋಗೋದು ಮಡಕೆ. ಪಕ್ಕದ ಮಡಕೆಯನ್ನೇ ಇಣುಕಿ ನೋಡೋದು ಮನುಷ್ಯ. ಅಷ್ಟೂ ಗೊತ್ತಾಗಲ್ವಾ ನಮಗೆ?”

ಮಾಚನಿಗೆ ಕೆನ್ನೆಗೆ ಹೊಡೆದಂತಾಯಿತು. ಮೂರನೆಯ ಬೆಳಗ್ಗೆ ತನ್ನ ಮಡಕೆಯ ತೂತುಗಳಿಗೆ ಜೇಡಿಮಣ್ಣು ಮೆತ್ತಿ ನೀರಿಗಿಳಿದ. ಒಳಗೆ ಬರೀ ಕತ್ತಲೆ. ಗಾಳಿ ತಳ್ಳಿದತ್ತ ಹೋದ. ಎಲ್ಲೋ ರೆಕ್ಕೆ ಬಡಿದ ಸದ್ದಾಯಿತು. ಎರೆಯನಿಗೆ ಸಿಕ್ಕಿಬಿಟ್ಟಳು ಎಂದುಕೊಂಡ. ಹೊಟ್ಟೆ ಉರಿಯಿತು, ಚೆನ್ನಾಗಿಯೇ ಉರಿಯಿತು. ಆಮೇಲೆ ಅವನ ಬಾಯಿ ತಾನಾಗಿ ಪಿಸುಗುಟ್ಟಿತು: “ಸಿಗಲಿ. ಅವನಿಗೇ ಸಿಗಲಿ. ನನ್ನ ಕೂಸು ಮನೆಗೆ ಬರಲಿ.”

ಆಗ ಮೊಣಕೈಗೆ ತೊಗಲಿನ ಪಾದವೊಂದು ತಾಕಿತು. ಮಾಚ ಎರಡೂ ಕಾಲು ಹಿಡಿದ. ಹಿಡಿದದ್ದು ಬಾತಿನ ಕಾಲು, ಕೈಯಲ್ಲಿ ಉಳಿದದ್ದು ಮಗಳ ಕಾಲು.

“ಅಪ್ಪಾ, ಬಿಡು! ಮುಳುಗ್ತೀನಿ!”

ಗುಡ್ಡದ ಮೇಲೆ ಕರಿಗಣ್ಣ ಬಾತಾಗಿ ಕಿರುಚಿದ. ಹಿಂಡು ಅವನನ್ನು ಸಾಲಿನ ಕೊನೆಗೆ ಸೇರಿಸಿಕೊಂಡು ಬೆಟ್ಟ ದಾಟಿತು.

ದಂಡೆಯಲ್ಲಿ ಎರೆಯ ಮಡಕೆ ತೆಗೆದ. ಅದರ ತೂತುಗಳಿಗೂ ಜೇಡಿಮಣ್ಣು ಮೆತ್ತಿತ್ತು.

“ನೀನ್ಯಾಕೋ ಮೆತ್ತಿದೆ?” ಎಂದ ಮಾಚ.

“ಎರಡು ದಿನ ನಾನೂ ನಿನ್ನನ್ನೇ ನೋಡ್ತಿದ್ದೆ ಕಣೋ. ನಿನ್ನ ಮನೇಲಿ ಹಾಡೋ ಮಗಳಿದ್ದಾಳೆ. ನನ್ನ ಮನೇಲಿ ಬರೀ ಬಾತು.”

ಅಂದಿನಿಂದ ಜಕ್ಕವ್ವ ಎರಡೂ ಮನೆಯ ಜಗಲಿಯಲ್ಲಿ ಹಾಡಿದಳು, ಎಲ್ಲರೂ ಸುಖವಾಗಿದ್ದರು. ಯಾರ ಮನೆಯಲ್ಲಿ ಒಂದು ಹಾಡು ಹೆಚ್ಚು ಹಾಡಿದಳು ಎಂಬುದನ್ನು ಮಾತ್ರ ಇಬ್ಬರೂ ಸಾಯುವ ತನಕ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದರು.