ಅಜ್ಜ ಹಂಚಿದ ಕಾಗದ

“ಜಯಾ, ಈ ಸಲ ಏನ್ ಬರದಾರ? ಲಗೂನ ಓದವಾ!”

ಪಾರ್ಟಿಯವರು ಕೊಟ್ಟುಹೋದ ಪ್ಯಾಂಪ್ಲೆಟ್ ಕಟ್ಟು ಬಿಚ್ಚಿ, ಕಂಠೆಪ್ಪಜ್ಜ ಒಂದನ್ನು ಮೊಮ್ಮಗಳ ಕೈಗಿಟ್ಟ. ಮೇಲೆ ಲಂಗರಿನ ಚಿತ್ರ, ಕೆಳಗೆ ಕೊಂಕಣಿಯಲ್ಲಿ ಬರಹ. ಅಜ್ಜನಿಗೆ ಓದಲು ಬಾರದು. ಐದನೇ ಕ್ಲಾಸಿನ ಜಯಶ್ರೀಗೆ ಬರುತ್ತದೆ.

‘ಹೊರಗಿನವರ ಜೋಪಡಿಗಳನ್ನು ತೆಗೆಸುತ್ತೇವೆ. ಗೋವಾ ಗೋವೆಯವರಿಗೆ ಮಾತ್ರ.’

ಅವಳು ಅದನ್ನು ಮನಸ್ಸಿನಲ್ಲೇ ಓದಿಕೊಂಡಳು. ವಾಸ್ಕೋದ ಮಂಗೋರ್ ಹಿಲ್ ಗುಡ್ಡದ ಈ ಓಣಿಯಲ್ಲಿ ಇರುವವರೆಲ್ಲ ಹೊರಗಿನಿಂದ ಬಂದವರೇ.

ಮೂವತ್ತು ವರ್ಷಗಳ ಹಿಂದೆ ಅಜ್ಜ ವಿಜಯಪುರದ ಕಡೆಯಿಂದ ಬಂದು ವಾಸ್ಕೋ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಆಗ ಹಮಾಲರು ಮುಷ್ಕರ ಹೂಡಿದರು. ಲಂಗರು ಪಕ್ಷ ಹುಟ್ಟಿದ್ದು ಆ ಮುಷ್ಕರದಲ್ಲೇ. ‘ಇಲ್ಲಿ ಬೆವರು ಸುರಿಸಿದವರೆಲ್ಲ ಇಲ್ಲಿಯವರೇ’ ಎಂದು ಅದರ ಮೊದಲ ನಾಯಕರು ಭಾಷಣ ಮಾಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಪಕ್ಷ ಒಮ್ಮೆ ಗಣಿ ಮಾಲೀಕರ ಜೊತೆ ಸೇರಿತು, ಇನ್ನೊಮ್ಮೆ ಅವರನ್ನೇ ಬೈಯಿತು. ಚಿತ್ರ ಮಾತ್ರ ಬದಲಾಗಲಿಲ್ಲ. ಅಜ್ಜ ಆ ಚಿತ್ರ ನೋಡಿಕೊಂಡೇ ಪ್ರತಿ ಎಲೆಕ್ಷನ್ನಿಗೂ ಕಾಗದ ಹಂಚಿದ್ದ.

“ಯಾಕವಾ, ಅಕ್ಷರ ತಿಳಿವಲ್ದೇನು?”

“ಓಣಿಗೆ ನಳ ಹಾಕಸ್ತಾರಂತಜ್ಜಾ,” ಎಂದುಬಿಟ್ಟಳು ಜಯಶ್ರೀ.

ಅಜ್ಜನ ಮುಖ ಅರಳಿತು. “ನೋಡಿದೇನ, ನಮ್ಮ ಪಾರ್ಟಿ!”

ಅವಳು ತಡೆಯುವಷ್ಟರಲ್ಲಿ ಕಟ್ಟು ಎತ್ತಿಕೊಂಡು ಹೊರಟೇಬಿಟ್ಟ. ಅವಳು ಹಿಂದೆ ಓಡಿ ಮುಟ್ಟುವಷ್ಟರಲ್ಲಿ ಐದು ಮನೆಗಳಿಗೆ ಕೊಟ್ಟಾಗಿತ್ತು. ಆರನೆಯ ಮನೆ ಖುರ್ಷಿದಾಬೇಗಂ ಅವರದು. ಅವರು ಬಾಗಿಲಲ್ಲೇ ನಿಂತು ಓದಿದರು.

“ಕಂಠೆಪ್ಪಣ್ಣಾ, ನಮ್ಮ ಮನಿ ಕೆಡವ್ತೀವಿ ಅಂತ ಬರದದ್ದನ್ನ ನಮಗ ಹಂಚಾಕ ಬಂದೀರೇನು?”

ಅಜ್ಜ ನಕ್ಕ. “ಏ, ಇಲ್ಲವಾ! ನಳದ ಸುದ್ದಿ ಐತಿ. ನಮ್ಮ ಜಯಾನ ಓದ್ಯಾಳ.”

ಅವಳತ್ತ ತಿರುಗಿದ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಅಜ್ಜನ ನಗು ಅಲ್ಲೇ ನಿಂತಿತು.

ಅವನು ಬೈಯಲಿಲ್ಲ. ಕೊಟ್ಟ ಮನೆಗಳಿಗೆಲ್ಲ ಮತ್ತೆ ಹೋಗಿ, “ತಪ್ಪಾಗೇತ್ರಿ, ವಾಪಸ್ ಕೊಡ್ರಿ,” ಎಂದು ಕೈಚಾಚಿದ. ಒಬ್ಬರು ಹರಿದು ಕೊಟ್ಟರು. ಅದನ್ನೂ ಮಡಚಿ ಇಟ್ಟುಕೊಂಡ.

ಜಯಶ್ರೀಯನ್ನೂ ಕರೆದುಕೊಂಡು ಪಾರ್ಟಿ ಆಫೀಸಿಗೆ ಹೋದ. ಅಲ್ಲಿ ತರುಣ ಮುಖಂಡ ಕುರ್ಚಿ ಎಳೆದುಕೊಟ್ಟ. “ಇದು ನಿಮ್ಮ ಬಗ್ಗೆ ಅಲ್ಲ ಅಜ್ಜ. ಹೊಸದಾಗಿ ಬರುವವರ ಬಗ್ಗೆ,” ಎಂದ ಕೊಂಕಣಿಯಲ್ಲಿ.

ಅಜ್ಜನಿಗೆ ಕೊಂಕಣಿ ತಿಳಿಯುತ್ತದೆ, ಆಡಲು ಅಷ್ಟಾಗಿ ಬಾರದು. ಅವನು ಕೂರಲಿಲ್ಲ. “ನಾನೂ ಒಂದಿನ ಹೊಸದಾಗೇ ಬಂದಾಂವ್ರಿ, ಸಾಹೇಬ್ರ.”

ಜಯಶ್ರೀ ಅದನ್ನು ಕೊಂಕಣಿಯಲ್ಲಿ ಹೇಳಿದಳು. ಒಂದು ಮಾತನ್ನೂ ಬದಲಿಸಲಿಲ್ಲ. ಮುಖಂಡ ಮೊಬೈಲ್ ನೋಡತೊಡಗಿದ. ಅಜ್ಜ ಕಟ್ಟನ್ನು ಟೇಬಲ್ ಮೇಲಿಟ್ಟು ಹೊರಬಂದ.

“ನಿನಗ ಬ್ಯಾಸರ ಆಗ್ತದಂತ ಸುಳ್ಳ ಹೇಳ್ದೆ ಅಜ್ಜಾ,” ಎಂದಳು ಅವಳು ದಾರಿಯಲ್ಲಿ. ಅಳು ಬಂದಿತ್ತು.

“ಇರ್ಲಿ ಬಿಡವಾ.” ಅಜ್ಜ ಗುಡ್ಡದ ಏರಿನ ಕಡೆ ತಿರುಗಿದ. “ಹ್ವಾದ ಎಲೆಕ್ಷನ್‌ದಾಗ ಏನ್ ಬರದಿದ್ರೋ? ಅದರ ಹಿಂದಿನದ್ರಾಗ? ಎಲ್ಲಾ ನಾನ ಹಂಚೇನಿ.”

‘ಎಲ್ಲಾ ಚಲೋನ ಇತ್ತಜ್ಜಾ’ ಎನ್ನಲು ಜಯಶ್ರೀ ಬಾಯಿ ತೆರೆದಳು. ಹೇಳಲಿಲ್ಲ. ಅಜ್ಜನ ಕೈ ಹಿಡಿದುಕೊಂಡು, ಅವನಷ್ಟೇ ನಿಧಾನವಾಗಿ ಗುಡ್ಡ ಹತ್ತಿದಳು.