ಕಿವಿ ಕತ್ತರಿಸಿದ ನಾಯಿಗಳು

ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಹತ್ತರ ಹೊತ್ತಿಗೆ ಜಾಲಿಹಟ್ಟಿಯ ಕೂಲಿ ಹೆಂಗಸು ಗೀತಮ್ಮ ಠಾಣೆಗೆ ಬಂದಳು. ಹಿಂದಿನ ದಿನ ಶಾಲೆಗೆ ಹೊರಟಿದ್ದ ಅವಳ ಆರು ವರ್ಷದ ಮಗ ದುರುಗೇಶನನ್ನು ನಾಯಿಗಳು ಕಚ್ಚಿ ಕೊಂದಿದ್ದವು.

"ಅಸಹಜ ಸಾವು ಅಂತ ನಿನ್ನೇನೇ ಬರ್ಕಂಡಿದೀವಲ್ಲಮ್ಮ," ಎಂದ ಠಾಣೆಯ ರೈಟರ್ ಕಲ್ಲೇಶಪ್ಪ.

"ಅದು ಬ್ಯಾಡ. ಯಾರಿಂದ ಆತು ಅಂತ ಬರೀರಿ."

"ನಾಯಿ ಹೆಸರು ಬರೀಲೇನು?"

"ನಾಯಿ ಬರಾಕೆ ದಾರಿ ಮಾಡಿದೋರ ಹೆಸರು ಬರೀರಿ."

ಇನ್ಸ್‌ಪೆಕ್ಟರ್ ಹಾಲೇಶಪ್ಪ ಒಳಗಿನಿಂದ ಕೇಳಿಸಿಕೊಂಡರು. ಎಫ್‌ಐಆರ್ ಹಾಕಿಸಿದರು: ನಿರ್ಲಕ್ಷ್ಯದಿಂದ ಸಾವು, ಆರೋಪಿ ಅಪರಿಚಿತ.

ಮಧ್ಯಾಹ್ನ ಸ್ಥಳ ಪಂಚನಾಮೆ. ಶಾಲೆಯ ದಾರಿ ಪಕ್ಕದಲ್ಲೊಂದು ಗುಂಡಿ. ಅದರ ತುಂಬ ಕೋಳಿ ಕರುಳು, ಪುಕ್ಕ, ಸತ್ತ ಕುರಿಮರಿ. ಪಂಚರಿಬ್ಬರೂ ಮೂಗು ಮುಚ್ಚಿಕೊಂಡೇ ಸಹಿ ಹಾಕಿದರು. ಕೋಳಿ ಅಂಗಡಿಯವರಿಗೆ ಕಸ ಸುರಿಯಲು ಆ ಜಾಗ ತೋರಿಸಿದ್ದು ಪಂಚಾಯಿತಿ. ನೋಟಿಸ್ ಕೊಟ್ಟರೆ ಒಂದೇ ಸಾಲಿನ ಉತ್ತರ ಬಂತು: ನಾಯಿಗಳು ನಮ್ಮ ಊರಿನವಲ್ಲ.

ಅಷ್ಟು ಮಾತ್ರ ನಿಜವಾಗಿತ್ತು. ಗುಂಡಿಯ ಬಳಿ ಹಿಡಿದ ನಾಯಿಗಳ ಕಿವಿಯ ತುದಿ ಕತ್ತರಿಸಿದ್ದನ್ನು ಕಾನ್‌ಸ್ಟೆಬಲ್ ಶಿಲ್ಪಾ ನೋಡಿದಳು. ಮರಿ ಹಾಕದಂತೆ ಆಪರೇಷನ್ ಆದ ನಾಯಿಗೆ ಮಾಡುವ ಗುರುತು ಅದು. ಈ ಕಡೆಯ ಹಳ್ಳಿಗಳಲ್ಲಿ ಅಂಥ ಆಪರೇಷನ್ ಆಗಿರಲಿಲ್ಲ; ಚಳ್ಳಕೆರೆಯಲ್ಲಿ ಆಗಿತ್ತು.

"ನಮ್ಮ ನಾಯಿ ನಮ್ಮ ಹುಡುಗ್ರನ್ನ ಮುಟ್ಟಾಕಿಲ್ಲ ಕಣವ್ವ," ಎಂದಳು ಅಲ್ಲೇ ಕುರಿ ಮೇಯಿಸುತ್ತಿದ್ದ ಜೋಗಮ್ಮ. "ಇವನ್ನ ನೀಲಿ ಗೂಡ್ಸ್ ಆಟೋದಾಗೆ ತಂದು ಇಳಿಸಿದ್ರು."

ರಸ್ತೆಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಆಟೋದ ನಂಬರ್ ಸಿಕ್ಕಿತು. ಚಳ್ಳಕೆರೆಯ ಮನೆಯಲ್ಲಿ ಡ್ರೈವರ್ ಮಾರುತೇಶ್ ಊಟಕ್ಕೆ ಕೂತಿದ್ದ. ಓಡಲಿಲ್ಲ.

"ನಾಯಿ ಬಿಟ್ಟಿದ್ದು ನೀನೇನಲೇ?" ಕೇಳಿದರು ಹಾಲೇಶಪ್ಪ.

"ಹೂಂ ಸಾ."

"ಯಾರು ಹೇಳಿದ್ರು?"

"ಬೀದಿಯೋರು."

"ಹೆಸರು ಹೇಳು."

"ಎಲ್ಲರ್ದೂ ಬರ್ಕಂತೀರಾ ಸಾ? ನಮ್ಮ ಬೀದಿ ಪಾತಮ್ಮಜ್ಜಿ ಆಟೋಕ್ಕೆ ನಿಂಬೆಹಣ್ಣು ಕಟ್ಟಿ ಕಳಿಸಿದ್ಲು."

"ಅಲ್ಲೇ ಯಾಕೆ ಬಿಟ್ಟೆ?"

"ಊರಾಚೆ ಹುಲ್ಲು ಕಾವಲ್‌ನಾಗೆ ಬಿಡಾನ ಅನ್ಕಂಡಿದ್ದೆ. ಉಪವಾಸ ಸಾಯ್ತಾವೆ ಅನ್ನಿಸ್ತು. ಆ ಗುಂಡ್ಯಾಗೆ ಹೊಟ್ಟೆಗೆ ಸಿಗ್ತೈತೆ ಅಂತ ಬಿಟ್ಟೆ. ಮಕ್ಳು ಓಡಾಡೋ ದಾರಿ ಅಂತ ಗೊತ್ತಿರ್ಲಿಲ್ಲ."

ಅವನ ದಸ್ತಗಿರಿ ಆಯಿತು. ಗುಂಡಿ ತೋರಿಸಿದ ಪಂಚಾಯಿತಿಯವರನ್ನೂ ಆರೋಪಿಗಳಾಗಿ ಸೇರಿಸಲು ಅನುಮತಿ ಕೋರಿ ಹಾಲೇಶಪ್ಪ ಮೇಲಕ್ಕೆ ಬರೆದರು. ಅನುಮತಿ ಬರಲಿಲ್ಲ. ಗುಂಡಿಗೆ ಪುಕ್ಕ ಬೀಳುವುದು ನಿಲ್ಲಲಿಲ್ಲ.

ಚಳ್ಳಕೆರೆಯಲ್ಲಿದ್ದಾಗ ಮಾರುತೇಶನ ಮಗಳ ಕಾಲಿಗೂ ಅವೇ ನಾಯಿಗಳು ಬಾಯಿ ಹಾಕಿದ್ದವು. ನಗರಸಭೆಗೆ ಅಲೆದು ಸಾಕಾಗಿ, ವಿಷವಿಡಲು ಮನಸ್ಸು ಬಾರದೆ, ಅವನ್ನು ಸಾಗಿಸಿದ್ದ. ಶಿಲ್ಪಾ ಹಟ್ಟಿಗೆ ಹೋಗಿ ಇಷ್ಟನ್ನೂ ಗೀತಮ್ಮನಿಗೆ ಹೇಳಿದಳು.

"ಆ ಹುಡುಗಿ ನಡೀತಾಳಾ?"

"ನಡೀತಾಳೆ ಅಕ್ಕ. ಶಾಲೆಗೂ ಹೋಗ್ತಾಳೆ."



"ಅವ್ನೊಬ್ನ ಹೆಸರು ಬರ್ದು ಮುಗಿಸಿದ್ರಾ?"

ಶಿಲ್ಪಾ ಎದ್ದು ಟೋಪಿ ಹಾಕಿಕೊಂಡಳು.