ಮೊಳೆಗೆ ಸುತ್ತಿದ ಕೂದಲು

"ಮೂರನೇ ಕೋಣೆ ಮೇಜಲ್ಲಿ ಒಂದು ಮೊಳೆ ಇದೆ ಸಾರ್. ಅದನ್ನ ಮಾತ್ರ ಮುಟ್ಟಬೇಡಿ," ಎಂದ ಮುದಿ ಜವಾನ, ಬೀಗದ ಕೈ ಕೊಡುತ್ತಾ.

ತರ್ಕಶಾಸ್ತ್ರದ ಹೊಸ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬೆವರಿಳಿಸಿದ ನಾಲಿಗೆ ಅವರದು. ಆದರೂ ಜವಾನ ಬಿಡದೆ ಹಳೆಯದನ್ನು ಹೇಳಿದ. ಹನ್ನೆರಡು ವರ್ಷದ ಹಿಂದೆ ಈ ಗಂಡುಮಕ್ಕಳ ಕಾಲೇಜಿನಲ್ಲಿ ಒಬ್ಬ ತೊದಲುವ ವಿದ್ಯಾರ್ಥಿಯಿದ್ದ. ಆಗಿನ ಮೇಷ್ಟ್ರು ದಿನಾ ಅವನನ್ನೇ ಆ ಮೇಜಿನೆದುರು ನಿಲ್ಲಿಸಿ ಪಾಠ ಓದಿಸುತ್ತಿದ್ದರು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಒಂದು ದಿನ ಅವನ ಬಾಯಿ ಕಟ್ಟಿತು. ಮತ್ತೆ ಮಾತು ಹೊರಡಲೇ ಇಲ್ಲ. ಮರುವಾರ ಬಂದ ತಾಯಿ ಯಾರನ್ನೂ ಬೈಯಲಿಲ್ಲ. ಮಗನ ಕೂದಲು ಸುತ್ತಿದ ಮೊಳೆಯೊಂದನ್ನು ಮೇಜಿಗೆ ಹೊಡೆದು, ನನ್ನ ಮಗನ ತೊದಲು ಇದರಲ್ಲಿದೆ, ನಗುತ್ತಾ ಕಿತ್ತವನು ಹೊತ್ತುಕೊಂಡು ಹೋಗಲಿ ಎಂದಷ್ಟೇ ಹೇಳಿ ಹೋದಳು.

ಹೊಸ ಮೇಷ್ಟ್ರು ಅಂದು ಮಧ್ಯಾಹ್ನವೇ ಇಕ್ಕಳ ಹಿಡಿದು ತರಗತಿಗೆ ಹೋದರು. ಹೊರಗೆ ಮೋಡ ಕವಿದಿತ್ತು, ಒಳಗೆ ಕರೆಂಟಿರಲಿಲ್ಲ. ಹಸಿ ಗೋಡೆಯ, ಸೀಮೆಸುಣ್ಣದ, ಅರವತ್ತು ಜನರ ಬೆವರಿನ ವಾಸನೆ. "ಪ್ರತ್ಯಕ್ಷ ಪ್ರಮಾಣ ಅಂದ್ರೆ ಏನು ಅಂತ ಇವತ್ತು ನೋಡಿ," ಎಂದು ನಗುತ್ತಾ ಮೊಳೆಯನ್ನು ಎಳೆದರು. ಒಸಡಿನಿಂದ ಹಲ್ಲು ಬಂದ ಹಾಗೆ, ಮೆತ್ತಗೆ, ಒದ್ದೆಯಾಗಿ ಬಂತು.

ಸುಟ್ಟ ಕೂದಲಿನ ನಾತ ಮೂಗಿಗೆ ಬಡಿಯಿತು.

"ನ... ನ... ನ..."

ಯಾರೋ ಅಣಕಿಸುತ್ತಿದ್ದಾರೆ ಎಂದುಕೊಂಡು ಮೇಷ್ಟ್ರು ಬೆಂಚುಗಳತ್ತ ಕಣ್ಣು ಕೆಕ್ಕರಿಸಿದರು. ಯಾರ ತುಟಿಯೂ ಅಲ್ಲಾಡುತ್ತಿರಲಿಲ್ಲ. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಬೈಯಲು ಹೋದರು. ದವಡೆ ಬಿಗಿಯಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಉಸಿರು ಸಿಕ್ಕಿಕೊಂಡಿತು. ಬಂದದ್ದು ಅದೊಂದೇ ಅಕ್ಷರ. ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಕೋಣೆ ನಕ್ಕಿತು.

ಹೊರಗೆ ಓಡಿಬಂದ ಮೇಷ್ಟ್ರನ್ನು ಜವಾನ ಹಿಡಿದು ನಿಲ್ಲಿಸಿದ. ತಾನೇ ಒಳಗೆ ಹೋಗಿ ಮೊಳೆಯನ್ನು ಮತ್ತೆ ಹೊಡೆಯಲು ನೋಡಿದ. ಮೇಜಿನಲ್ಲಿ ತೂತೇ ಇರಲಿಲ್ಲ, ಮರ ಕೂಡಿಕೊಂಡಿತ್ತು. ಇನ್ನು ಆ ತಾಯಿಯ ಕಾಲಿಗೆ ಬೀಳುವುದೊಂದೇ ದಾರಿ ಎಂದು ಮೇಷ್ಟ್ರ ತೋಳು ಹಿಡಿದು ಕರೆದುಕೊಂಡು ಹೊರಟ.

ಕಿರಿದಾದ ಗಲ್ಲಿಯ ಕೊನೆಯಲ್ಲಿ ಅವಳ ಹೊಲಿಗೆ ಅಂಗಡಿ, ಹಿಂದೆಯೇ ಮನೆ. ಹತ್ತಿರವಾಗುತ್ತಿದ್ದಂತೆ ಮೇಷ್ಟ್ರ ಕಾಲು ನಿಂತುಬಿಟ್ಟವು. ಒಳಗೆ ಯಾರೋ ಪತ್ರಿಕೆ ಓದುತ್ತಿದ್ದರು, ಎಲ್ಲೂ ತಡವರಿಸದೆ, ಸ್ಪಷ್ಟವಾಗಿ. ಆ ದನಿ ಮೇಷ್ಟ್ರದೇ.

ಹೊಸ್ತಿಲಾಚೆ, ಮೂವತ್ತು ದಾಟಿದ ಮಗ ಪತ್ರಿಕೆ ಹಿಡಿದು ಕೂತಿದ್ದ. ಮುದುಕಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೇಳುತ್ತಿದ್ದಳು. ಅವಳ ಕಣ್ಣೀರಿಗೆ ಬಟ್ಟೆ ನೆನೆದಿತ್ತು. ಬಂದವರನ್ನು ಕಂಡು ಎದ್ದಳು. ಏನಾಯಿತೆಂದು ಕೇಳಲಿಲ್ಲ.

"ವಾಪಸ್ ಬೇಕಾ? ಕೊಡ್ತೀನಿ," ಎಂದಳು. "ಆದ್ರೆ ನೀವೇ ಬಾಯಿಬಿಟ್ಟು ಕೇಳ್ಬೇಕು. ಪೂರ್ತಿ ಮಾತು."

ಜವಾನ ಏನೋ ಹೇಳಹೊರಟ. ಅವಳು ಕೈಯೆತ್ತಿ ತಡೆದಳು.

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕತ್ತಿನ ನರ ಉಬ್ಬಿದವು. ಎಂಜಲು ಗಲ್ಲಕ್ಕಿಳಿಯಿತು.

"ಕೊ... ಕೊ... ಕೊ..."

ಮಗ ಪತ್ರಿಕೆ ಮಡಚಿಟ್ಟ. "ನಿಧಾನವಾಗಿ ಕೇಳಿ ಸಾರ್," ಎಂದ, ಮೇಷ್ಟ್ರ ದನಿಯಲ್ಲೇ. "ಇಲ್ಲಿ ಯಾರೂ ನಗಲ್ಲ."

ಮುದುಕಿ ಸ್ಟೂಲ್ ಎಳೆದುಕೊಂಡು, ಅವರ ಎದುರಿಗೇ ಕೂತಳು.